ಕೊನೆಯ ತಟ್ಟೆ

ಪಾದ್ರೆ ಲಾಸ್ ಕಾಸಾಸ್‌ನ ಶಾಲೆಯ ಮಾಡಿನ ಮೇಲೆ
ಹಗಲಿರುಳು ಉಸಿರೆಳೆಯುವ ಒಂದು ಯಂತ್ರವಿದೆ.
ಅದರ ಹೊಟ್ಟೆಯಲ್ಲಿ ಒಂದರ ಕೆಳಗೊಂದು ಎಂಟು ತಟ್ಟೆ.
ಅಜ್ಜಿ ಗೋಧಿ ಹುರಿದು, ಬೀಸಿ,
ಜರಡಿ ಹಿಡಿಯುತ್ತಿದ್ದ ಹಾಗೆಯೇ:
ದಪ್ಪದ್ದು ಮೇಲೆ, ಸಣ್ಣದ್ದು ಕೆಳಗೆ,
ತೀರಾ ಸಣ್ಣದ್ದು ಎದೆಗೆ.

ಮೇಲಿನ ತಟ್ಟೆಯಲ್ಲಿ ರಸ್ತೆಯ ಮಣ್ಣು, ಟೈರಿನ ಚೂರು,
ಪಡುವಣ ಗಾಳಿ ತಂದ ಒಂದು ಚಿಟಿಕೆ ಕಡಲುಪ್ಪು.
ಮೂಗಿನಲ್ಲೇ ಸಿಕ್ಕಿಬೀಳುವ ಪೆದ್ದ ಕಳ್ಳರು ಇವರು.
ನಡುವೆಲ್ಲೋ ಕೊಟ್ಟಿಗೆಗಳ ಅಮೋನಿಯಾ
ಲಾರಿಗಳ ನೈಟ್ರೇಟಿನ ಕೈ ಹಿಡಿದು ಕೂತಿರುತ್ತದೆ.

ಕೊನೆಯದರಲ್ಲಿ ಕಪ್ಪು.
ಒಂದು ಕೂದಲೆಳೆಯ ಅಗಲಕ್ಕೆ
ಇನ್ನೂರು ಕಣ ಸಾಲುಗಟ್ಟಿ ನಿಲ್ಲಬಹುದು.
ಮಸಿ, ಪೊಟ್ಯಾಷಿಯಂ,
ಮತ್ತೆ ಸೌದೆ ಸುಟ್ಟಾಗ ಹುಟ್ಟುವ ಒಂದು ಬಗೆಯ ಸಕ್ಕರೆ,
ಲೆವೊಗ್ಲುಕೋಸಾನ್.
ಸಕ್ಕರೆ ಅಂದರೆ ಬಾಯೇನೂ ಸಿಹಿಯಾಗುವುದಿಲ್ಲ.

ಚಳಿಗಾಲದಲ್ಲಿ ಈ ಬಡಾವಣೆ ಹಸಿ ಸೌದೆ ಉರಿಸುತ್ತದೆ.
ನಾನೂ.
ಒಣಗಿದ್ದಕ್ಕೆ ಎರಡರಷ್ಟು ಬೆಲೆ.

ಜೂನ್ ಹದಿನಾಲ್ಕರ ರಾತ್ರಿಯ ತಟ್ಟೆಯಲ್ಲಿ ಮಾತ್ರ
ಸೀಸ. ಪಕ್ಕದಲ್ಲೇ ಕ್ರೋಮಿಯಂ.
ಹಿಂದಿನ ರಾತ್ರಿ ಇರಲಿಲ್ಲ, ಮರುರಾತ್ರಿಯೂ ಇಲ್ಲ.
ಮತ್ತೊಮ್ಮೆ ಅಳೆದೆ. ಅಷ್ಟೇ ಬಂತು.
ಇವೆರಡು ಜೊತೆಗೂಡಿದರೆ ಹಳದಿ,
ಹಳೇ ಡಬ್ಬಿಗಳಲ್ಲಿ ಬರುತ್ತಿದ್ದ, ಮಾಸದ ಹಳದಿ.

ನನ್ನ ಬೇಲಿಯಾಚೆ ಎರ್ಮಿಂದಾ ಪಾಯ್ಯಲೆಫ್ ಮನೆ.
ಅವಳ ಗಂಡ ಬಳಿದಿದ್ದ ಹಳದಿ ಗೇಟು
ಹದಿನೈದರ ಬೆಳಿಗ್ಗೆ ಇರಲಿಲ್ಲ.
ಎರಡು ಕಂಬ, ನಡುವೆ ಬಿಗಿದ ತಂತಿ,
ತಂತಿಯ ಮೇಲೆ ಹೆಪ್ಪುಗಟ್ಟಿದ ಇಬ್ಬನಿ.
ಹಿಂದಿನ ರಾತ್ರಿ ಅವಳ ಮೊಮ್ಮಗ ಕೆಮ್ಮುತ್ತಲೇ
ಬೇಲಿಯ ಮೇಲಿಂದ ಬಿಸಿ ರೊಟ್ಟಿ ಕೊಟ್ಟು ಹೋಗಿದ್ದ.
ತಿಂದಿದ್ದೆ. ಚೆನ್ನಾಗಿತ್ತು.

ವರದಿಯ ನಮೂನೆಯಲ್ಲಿ ಒಂದು ಖಾಲಿ ಗೆರೆ:
ಮೂಲ.
ತೆಮುಕೋದಲ್ಲಿ ಮೇಲಧಿಕಾರಿ ಕಾಯುತ್ತಿದ್ದಾರೆ.
ಬಣ್ಣ ಬಳಿದ ಮರ, ಸ್ಥಳೀಯ, ಎಂದು ಬರೆದೆ.
ಸ್ಥಳೀಯ ಎಂಬ ಮಾತು ಎಷ್ಟು ಅಗಲ!
ಆ ಗೇಟನ್ನೂ ಶಾಲೆಯನ್ನೂ ನನ್ನ ಚಿಮಣಿಯನ್ನೂ
ಒಂದೇ ಕಂಬಳಿಯಡಿ ಮಲಗಿಸುವಷ್ಟು.

ಸೋಮವಾರ ಹೊಸ ಬಿಳಿ ಹಾಳೆಗಳನ್ನು ತೂಗಿದೆ.
ಆ ತಕ್ಕಡಿಯ ಬಳಿ ಉಸಿರು ಹಿಡಿಯಬೇಕು,
ಬಿಟ್ಟರೆ ಅಂಕಿ ಅಲ್ಲಾಡುತ್ತದೆ.
ಸಂಜೆ ಎರ್ಮಿಂದಾಳನ್ನು ಕೇಳಬೇಕು,
ಕಂಬದಲ್ಲಿ ತಿರುಗಣಿ ಉಳಿದಿವೆಯಾ ಅಂತ.
ನನ್ನ ಹಿತ್ತಲಲ್ಲಿ ಎರಡು ಹಲಗೆ ಬಿದ್ದಿವೆ.
ಬಣ್ಣ ಹಚ್ಚದವು.