ವಸಡಿನ ಗುಲಾಬಿ

ಹಗಲೆಲ್ಲ ನಾ ಹಲ್ಲು ಮಾಡತೇನಿ.
ಕೊಪ್ಪೀಕರ ರಸ್ತೆ ಹಿಂದಿನ ಓಣಿಯೊಳಗ
ಹದಿನೇಳು ಪಾವಟಿಗಿ ಹತ್ತಿದರ ಲ್ಯಾಬು, ಕೆಳಗ ಮನಿ.
ನವಲಗುಂದದವರ ಮ್ಯಾಲಿನ ಸಾಲು,
ಕುಂದಗೋಳದವರ ಕೆಳಗಿನ ಸಾಲು,
ಹೆಸರಿನ ಚೀಟಿ ಹಚಿಗೊಂಡು
ಮಾರಿಯಿಲ್ಲದ ನಗತಿರತಾವ.

ಸಂಜಿ ಏಳಕ್ಕ ಅವಕ್ಕೆಲ್ಲ ಬಟ್ಟಿ ಹೊಚ್ಚಿ
ಅದ ಮೇಜಿನ ಮ್ಯಾಲ, ಅದ ದೀಪದ ಕೆಳಗ
ಕಾರು ತಗೀತೇನಿ.
ಮೊಳಕ್ಕ ನಾಕು ಬೆರಳು ಕಮ್ಮಿ.
ಪೆಟ್ರೋಲಿಲ್ಲ, ಲೈಸೆನ್ಸಿಲ್ಲ,
ಒಳಗ ಕೂಡಾಕ ಯಾರಿಗೂ ಜಾಗಿಲ್ಲ.

ಇದನ್ನ ಕೊಂಡದ್ದಲ್ಲ, ಕೂಡಿಸಿದ್ದು.
ಚಾಸಿ ಪುಣೆದಾಗ ಯಾರೋ ಬ್ಯಾಸರಾಗಿ ಮಾರಿದ್ದು.
ಮೋಟರು ಸುತ್ತಿದಾಂವ ಖತಾಲಸಾಬ:
ಹಳೇ ಹುಬ್ಬಳ್ಳಿಯೊಳಗ ಪಂಪಸೆಟ್ ಸುತ್ತೂ ಕೈ.
"ಇದೇನ್ರೀ, ಬಾರೀಹಣ್ಣಿನಷ್ಟು ಐತಿ!" ಅಂತ
ಒಂದರ ಮ್ಯಾಲ ಒಂದು ಎರಡು ಕನ್ನಡಕ ಏರಿಸಿ
ಮೂರು ಸಲ ಎಣಿಸಿ ಸುತ್ಯಾನ.
ರೊಕ್ಕ ತಗೊಂಡಿಲ್ಲ.
ಶಾಕಿನೊಳಗ ಹೊಲಿಗಿ ಮಷೀನಿನ ಎಣ್ಣಿ.
ಬಂಪರು, ನನ್ನ ಹವಾಯಿ ಚಪ್ಪಲಿ ಎಡಗಾಲಿಂದು;
ಬಲಗಾಲಿಂದು ಇನ್ನೂ ಕಾಯಕೋತ ಐತಿ.

ಐತವಾರ ಮುಂಜಾನೆ ಉಣಕಲ್ಲಿನ ಆಚೆ
ಯಾರೋ ಕಲ್ಲು ಹುಗಿದು ಮರತ ಪ್ಲಾಟಿನೊಳಗ
ಗಾಲಿಗೆ ಮಣ್ಣು ತೋರಸತೇನಿ.
ಎರಿ ಮಣ್ಣು.
ಒಣಗಿದರ ಒಡದ ಹಿಮ್ಮಡ,
ಹಸಿ ಇದ್ದರ ಬೀಗರಂಗ,
ಹೊಕ್ಕೇನಿ ಅಂದರೂ ಬಿಡೂದಿಲ್ಲ.

ಮೊನ್ನೆ ಖತಾಲಸಾಬನ ಮೊಮ್ಮಗಳು ಬಂದಿತ್ತು,
ತಸ್ಮಿಯಾ, ಐದನೇತ್ತ.
"ರಿಮೋಟ್ ಕೊಡ್ರಿ ಕಾಕಾ, ಒಂದ ಸುತ್ತು."
ಕೊಟ್ಟೆ.
ಕಾರು ಕಡದ ಪಟದಂಗ ಹೋತು.
"ಬ್ರೇಕ್ ಎಲ್ಲೈತ್ರೀ?" ಅಂತ ಕೇಳೂದರೊಳಗ
ಗಡಿಕಲ್ಲು ಸಿಕ್ಕಿತ್ತು.

ಟಕ್ಕ.

ಮುಂದಿನ ಎಡಗಾಲಿ ಹಿಡಿದಿದ್ದ ತೋಳು ಎರಡ ತುಂಡು.
ಹುಡುಗಿ ಮಾರಿ ಸಣ್ಣದಾತು.
"ಇರಲಿ ಬಿಡವಾ" ಅಂದೆ, ಭಾಳ ದೊಡ್ಡ ಮನಸಿನವರಂಗ.
ಖರೇ ಹೇಳಲೇನು?
ಆ ಟಕ್ಕ ಕೇಳಿದ ಕೂಡ್ಲೆ
ನನ್ನೊಳಗ ಯಾರೋ ಅಂಗಿ ತೋಳು ಏರಿಸಿದ್ದರು.
ಓಡೂ ಕಾರು ಚಂದ, ಇಲ್ಲಂತಲ್ಲ.
ಆದರ ಓಡೂ ಮುಂದ ಅದು ಅದರದು.
ಮುರದ ಮ್ಯಾಲ ನನ್ನದು.

ಹೊಸಾ ತೋಳು ತರಸಬೇಕಂದರ ಹನ್ನೆರಡು ದಿನ.
ಹನ್ನೆರಡು ದಿನ ಯಾರು ಕೂಡತಾರ?
ತುಂಡು ಎರಡೂ ಮೇಣದಾಗ ಹಚ್ಚಿ
ಪ್ಲಾಸ್ಟರಿನ್ಯಾಗ ಅಚ್ಚು ಒತ್ತಿ
ಒಳಗೊಂದು ಸೈಕಲ್ ಕಡ್ಡಿ ಇಟ್ಟೆ, ಎಲುವಿನಂಗ.
ಪುಡಿ. ದ್ರವ. ಕುದಿಯೂ ನೀರು.
ಇಪ್ಪತ್ತಾರು ವರ್ಷ ಬಾಯಿಗೆ ಮಾಡಿದ್ದನ್ನ
ಮೊದಲ ಸಲ ಬಾಯಿಲ್ಲದ್ದಕ್ಕ ಮಾಡಿದೆ.
ಬಣ್ಣ? ನನ್ನ ಕಡೆ ಇರೂದು ಒಂದ ಬಣ್ಣ:
ವಸಡಿನ ಗುಲಾಬಿ.

ಶಿವಗಂಗಾ ಚಾ ತಂದು ಇಟ್ಟು ನಿಂತು ನೋಡಿದಳು.
"ಹಂಗ ಎರಡು ಹಲ್ಲೂ ಕೂಡಿಸಿಬಿಡ್ರಿ,
ತಾನ ರೊಟ್ಟಿ ಮುರಕೊಂಡು ತಿಂತೈತಿ."

ಅದ ಡಬ್ಬಿ ಪುಡಿಯೊಳಗ
ಕುಂದಗೋಳದ ದೇವಕ್ಕೆವ್ವನ ವಸಡೂ ಆಗೇತಿ.
ನಾಳೆ ಆಯಿ ಕಟಕ ರೊಟ್ಟಿ ಕಡೀತಾಳ,
ಇದು ಎರಿ ಮಣ್ಣು ಕಡೀತೈತಿ.
ಇಬ್ಬರಿಗೂ ಗೊತ್ತಾಗೂದಿಲ್ಲ.

ಹನ್ನೊಂದೂವರಿಗೆ ಕಡೀ ಸ್ಕ್ರೂ ಬಿಗಿದೆ.
ಸ್ವಿಚ್ ಒತ್ತಿದರ ಸರ್ವೋ ಗುಂಯ್ ಅಂತ
ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಳ್ಳಿತು,
ನಿದ್ದಿಗಣ್ಣಾಗ ಎಬ್ಬಿಸಿದ ಕೂಸಿನಂಗ.
ಮೇಜಿನ ಕಾಲು ಸುತ್ತಿಸಿ ಒಂದು ಎಂಟು ಬರಸಿದೆ.
ಮುಂದಿನ ಐತವಾರ ತಸ್ಮಿಯಾಗ ಬ್ರೇಕ್ ತೋರಸಬೇಕು.
ತೋರಸತೇನಿ.
ಅವಸರೇನೈತಿ.

ದೀಪ ಆರಿಸೂ ಮುಂದ ತಾಟು ನೋಡಿದೆ.
ತಾಟಿನ್ಯಾಗ ಒಂದು ವಾಶರು ಉಳದೈತಿ,
ಜೋಳದ ಕಾಳಿಗಿಂತ ಸಣ್ಣದು.
ಎಲ್ಲಿಂದಿದು?
ಕೆಳಗ ಶಿವಗಂಗಾ ಬಾಗಿಲ ಚಿಲಕ ಹಾಕಿದ ಸಪ್ಪಳ.
ಸ್ವಿಚ್ಚಿನ ಮ್ಯಾಲಿದ್ದ ಕೈ
ತಿರುಗಿ ಬಂದು
ಸ್ಕ್ರೂಡ್ರೈವರ್ ಹುಡುಕಾಕ ಹತ್ತೈತಿ.