ಕಿವಿಮುಚ್ಚಾಲೆ

ಇಪ್ಪತ್ತಾರು ವರ್ಷ ಕ್ರೇನಿನ ಗೂಡಲ್ಲಿ ಕೂತು
ಕೆಂಡದಂಥ ಉಕ್ಕನ್ನು ಎತ್ತಿ ಇಳಿಸಿದವನು ನಾನು.
ಪೋರ್ಟ್ ಟಾಲ್ಬಟ್ಟಿನ ಕುಲುಮೆ ಆರಿತು.
ಈಗ ಶನಿವಾರ, ಹಳೆ ಚಾಪೆಲ್ಲಿನ ಹಜಾರದಲ್ಲಿ
ಜೋಲಿಯ ಕೊಕ್ಕೆಗೆ ನೆಸ್ಟಾಳನ್ನು ಸಿಕ್ಕಿಸಿ
ಕುರ್ಚಿಯಿಂದ ಚಾಪೆಗೆ ಇಳಿಸುತ್ತೇನೆ.
ಹತ್ತೊಂಬತ್ತು ಕಿಲೋ.
ನೂರು ಟನ್ನಿಗೆ ನಡುಗದ ಕೈ
ಗುಂಡಿ ಒತ್ತುವಾಗ ಬೆವರುತ್ತದೆ.
‘ಮೆಲ್ಲಗೆ ಅಂದರೆ ಆಮೆಯ ಹಾಗಲ್ಲ, ಗೆಥಿನ್,
ಅವಳಿಗೆ ತೂಗಾಡೋದು ಇಷ್ಟ, ಕೇಳಿ ನೋಡು’
ಅನ್ನುತ್ತಾಳೆ ನಮ್ಮ ಮೇಲ್ವಿಚಾರಕಿ ಹೆಲೆದ್.
ಕೇಳಿದೆ. ನೆಸ್ಟಾ ಕಣ್ಣು ಮೇಲೆತ್ತಿದಳು.
ಮೇಲೆ ಅಂದರೆ ಹೌದು. ಬಲಕ್ಕೆ ಅಂದರೆ ಇಲ್ಲ.
ರೆಪ್ಪೆ ಬಿಗಿದರೆ: ನಿನಗೇನೂ ತಿಳಿಯದು, ಹೋಗು.

ಅವಳ ತಾಯಿ ಲೌರಿ ಹೊರಗೆ ಕಾರಿನಲ್ಲಿ
ಸೀಟು ಹಿಂದಕ್ಕೆ ಬಾಗಿಸಿ, ಬೂಟು ಕೂಡ ಕಳಚದೆ
ನಿದ್ದೆಗೆ ಬಿದ್ದಿರುತ್ತಾಳೆ.
ವಾರಕ್ಕೆ ಎರಡು ಗಂಟೆ.
ನಲವತ್ತೊಂದು ಪುಟದ ಅರ್ಜಿಯಲ್ಲಿ
ಮಗಳಿಗೆ ಏನೇನು ಬಾರದು ಎಂಬುದನ್ನೇ
ಪುಟಪುಟಕ್ಕೂ ಬರೆದು, ಸಹಿ ಹಾಕಿ
ಪಡೆದ ನಿದ್ದೆ.

ಇವತ್ತು ಕಣ್ಣಾಮುಚ್ಚಾಲೆ.
ಮೂರು ಸಲ ಆಡಿದರು, ಮೂರು ಸಲವೂ
ಮೊದಲು ಸಿಕ್ಕಿದವಳು ನೆಸ್ಟಾ.
ನಾನೇ ಕುರ್ಚಿ ತಳ್ಳಿಕೊಂಡು ಹೋಗಿ ಅಡಗಿಸಿದ್ದೆ,
ಪರದೆಯ ಹಿಂದೆ, ಕೋಟುಗಳ ನಡುವೆ,
ಕೆಟ್ಟ ಆರ್ಗನ್ನಿನ ಮಗ್ಗುಲಲ್ಲಿ.
ಏನು ಮಾಡಿದರೇನು, ಹೊಟ್ಟೆಗೆ ಹಾಲು ಹನಿಸುವ ಪಂಪು
ಗುರ್-ಟಿಕ್, ಗುರ್-ಟಿಕ್ ಎಂದು
ಊರಿಗೆಲ್ಲ ಡಂಗುರ ಸಾರುತ್ತದೆ.
‘ಸ್ವಲ್ಪ ಹೊತ್ತು ನಿಲ್ಲಿಸಲೇ?’ ಅಂದೆ. ಬಲಕ್ಕೆ.
‘ಸಿಕ್ಕರೂ ಸಿಕ್ಕಿಲ್ಲ ಅಂದುಕೊಳ್ಳೋಣ’ ಅಂದ ಡ್ಯಾನ್ಯೊ,
ಪಾಪ, ಒಳ್ಳೆಯ ಮನಸ್ಸಿನಿಂದಲೇ.
ರೆಪ್ಪೆ ಬಿಗಿಯಿತು.
ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬುದನ್ನು
ಯಾವ ಭಾಷೆಯಲ್ಲಿ ಅಂದರೂ ಅವಳಿಗೆ ಗೊತ್ತಾಗುತ್ತದೆ.
‘ಎಲ್ಲರೂ ಗುರ್-ಟಿಕ್ ಅನ್ನೋಣ!’ ಮಾಬ್ಲಿ ಕೂಗಿದಳು.
ಹದಿಮೂರು ಬಾಯಿ ಒಟ್ಟಿಗೆ ತೆರೆದವು.
ಯೋಲೊ ಮೇಜಿನಡಿ ಸೇರಿದ.

ಯೋಲೊಗೆ ಸದ್ದು ಅಂದರೆ ಮೈಮೇಲೆ ಸುರಿದ ಮೊಳೆ.
ಕಿತ್ತಳೆ ಬಣ್ಣದ ಕಿವಿಗವಚ ಇಲ್ಲದೆ
ಅವನನ್ನು ನಾನು ಕಂಡದ್ದೇ ಇಲ್ಲ.
ಬಾಯಿಗಳು ಮುಚ್ಚಿದವು. ಆಟವೂ ನಿಂತಿತು.
ಒಬ್ಬರಿಗೆಂದು ತೆರೆದ ಬಾಗಿಲು
ಇನ್ನೊಬ್ಬರ ಬೆರಳು ಜಜ್ಜುವುದು ಇಲ್ಲಿ ಹೊಸದಲ್ಲ.
ಹೆಲೆದ್ ಸುಮ್ಮನೆ ನೆಲಕ್ಕೆ ಕೂತಳು. ನಾನೂ ಕೂತೆ,
ಮಂಡಿ ಲಟಕ್ ಅಂತು.
ಎಷ್ಟು ಹೊತ್ತೋ.

ಮೇಜಿನಡಿಯಿಂದ ಒಂದು ಕೈ ಬಂತು,
ಕೈಯಲ್ಲಿ ಕಿತ್ತಳೆ ಕವಚ.
‘ಹುಡುಕೋರಿಗೆ’ ಅಂದ ಯೋಲೊ, ಯಾರ ಮುಖವನ್ನೂ ನೋಡದೆ.
‘ಎಣಿಸುವಾಗ ಕಣ್ಣು. ಹುಡುಕುವಾಗ ಕಿವಿ.’

ಡ್ಯಾನ್ಯೊ ತೊಟ್ಟ, ಎಣಿಸಿದ, ಹೊರಟ.
ಯೋಲೊ ಎರಡೂ ಅಂಗೈ ಕಿವಿಗೊತ್ತಿ ಬಕೆಟ್ಟುಗಳ ಹಿಂದೆ.
ನೆಸ್ಟಾ ಪಾದ್ರಿಯ ಹಳೆ ಪೀಠದ ಹಿಂದೆ,
ಗುರ್-ಟಿಕ್, ಗುರ್-ಟಿಕ್.
ಡ್ಯಾನ್ಯೊ ಒಂದು ಮಾರು ದೂರದಲ್ಲಿ ಹಾದುಹೋದ.
ಮತ್ತೆ ಹಾದುಹೋದ.
ನಗು ತಡೆದು ತಡೆದು ಅವಳ ಗಲ್ಲದ ಮೇಲೆಲ್ಲ ಜೊಲ್ಲು.
ಮೊದಲು ನಾನು ಸಿಕ್ಕೆ, ಹೊಟ್ಟೆ ಪರದೆಯಾಚೆ ಬಂದಿತ್ತು.
ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ.
ಅವಳೊಬ್ಬಳು ಸಿಗಲಿಲ್ಲ.

ಅಷ್ಟರಲ್ಲಿ ಲೌರಿ, ಕೆನ್ನೆಯ ಮೇಲೆ ಸೀಟುಬೆಲ್ಟಿನ ಗೆರೆ:
‘ನೆಸ್ಟಾ ಎಲ್ಲಿ?’
ಯಾರೂ ಉಸಿರೆತ್ತಲಿಲ್ಲ.
ರಾತ್ರಿ ಆ ಸದ್ದು ನಿಂತರೆ ಎದ್ದು ಕೂರುವವಳು.
ದಾರ ಹಿಡಿದಂತೆ ಅವಳ ಕಣ್ಣು
ನೆಟ್ಟಗೆ ಪೀಠದ ಕಡೆ ಹೋದದ್ದನ್ನು ನಾನು ನೋಡಿದೆ.
ವಾಪಸು ಬಂದು, ಮಕ್ಕಳ ಮುಖಗಳ ಮೇಲೆ ನಿಂತಿತು.
ಡ್ಯಾನ್ಯೊನ ತಲೆಯಿಂದ ಕವಚ ತೆಗೆದು,
‘ನನಗೂ ಒಂದು ಸಲ?’ ಎಂದು ಯೋಲೊನನ್ನು ಕೇಳಿ,
ತಾನೇ ತೊಟ್ಟು, ಗೋಡೆಗೆ ಹಣೆಯಿಟ್ಟಳು.

ಸಂಜೆಯೊಳಗೆ ಕೌನ್ಸಿಲ್ಲಿಗೆ ವರದಿ ಹೋಗಬೇಕು:
‘ಈ ವಾರದ ಪ್ರಗತಿ, ಅಂಕಿಗಳಲ್ಲಿ.’
ಹೆಲೆದ್ ಪೆನ್ನು ಕೊಟ್ಟು ಹೋಗಿದ್ದಾಳೆ.
ಗೋಡೆಯ ಕಡೆಯಿಂದ ಲೌರಿ ಎಣಿಸುತ್ತಿದ್ದಾಳೆ,
ಈನ್, ದೈ, ತ್ರೀ,
ಎಲ್ಲಿಯವರೆಗೆ ಎಂದು ಯಾರೂ ಹೇಳಿಲ್ಲ.