ಅಂಗೈಯಷ್ಟು ಹಿಂದು

ಹೊಸ ಕಾರು ತಂದು ಆರು ವಾರ.
ಎಡಕ್ಕೆ ಇಂಡಿಕೇಟರ್ ಹಾಕಿದರೆ ಸಾಕು
ಸ್ಪೀಡಿನ ಮುಳ್ಳು ಮಾಯ,
ಅದೇ ಬಿಲ್ಲೆಯೊಳಗೆ ಹಿಂದಿನ ರಸ್ತೆ ತೆರೆದುಕೊಳ್ಳುತ್ತದೆ,
ಬಾವಿಯಲ್ಲಿ ಇಣುಕಿದ ಹಾಗೆ.
ಬಲಕ್ಕೆ ಹಾಕಿದರೆ ಬಲದ ಬಾವಿ.

ಗೀಲಾಂಗಿನಲ್ಲಿ ಹತ್ತೊಂಬತ್ತು ವರ್ಷದಿಂದ
ಕಾರು ಕಲಿಸುತ್ತಿದ್ದೇನೆ, ಬಾಯಲ್ಲಿ ಒಂದೇ ಮಂತ್ರ:
ಕನ್ನಡಿ ನೋಡು, ಕತ್ತು ಹೊರಳಿಸು.
ಕನ್ನಡಿಗೂ ಕಾಣದ ಮೂಲೆಯೊಂದಿದೆ ಭುಜದ ಹಿಂದೆ,
ಇಡೀ ಮೋಟಾರ್ ಸೈಕಲ್ಲು ಅಡಗಿ ಕೂರುವಷ್ಟು.
ಸಿಂಹಾವಲೋಕನ ಎಂದು ಒಮ್ಮೆ ಬಾಯ್ತಪ್ಪಿ ಅಂದಾಗ
ಟಿಲ್ಲಿ ಕೇಳಿದಳು: ಅದೇನು, ತಿಂಡಿಯಾ?

ಕಾರು ತೊಳೆಯುವಲ್ಲಿ ಸರದಿಗೆ ಕಾಯುತ್ತ
ಕಾಗದದ ಲೋಟದಲ್ಲಿ ಕಾಫಿ ಆರುತ್ತಿರುವಾಗ
ಒಬ್ಬೊಬ್ಬರೇ ಬಂದು ಬಗ್ಗಿ ನೋಡಿದರು.
ಟ್ಯಾಕ್ಸಿಯ ಜ್ವೊಂಕೊ ಮೂಗು ಮುರಿದ:
‘ತಿರುಗುವ ಹೊತ್ತಿಗೇ ಸ್ಪೀಡು ಮುಚ್ಚಿ ಸಿನಿಮಾ ತೋರಿಸುವುದೆ?
ದಂಡ ಬಿದ್ದರೆ ಕಟ್ಟುವುದು ಕ್ಯಾಮೆರಾವಾ?’
ಪಾರ್ಸೆಲ್ ವ್ಯಾನಿನ ಹುಯೆನ್‌ಗೆ ಇದಿಲ್ಲದೆ ಆಗದು,
ಅವಳ ವ್ಯಾನಿಗೆ ಹಿಂದೆ ಗಾಜೇ ಇಲ್ಲ,
ದಿನಕ್ಕೆ ನೂರ ಎಂಬತ್ತು ಮನೆ.
‘ಮಳೆಯಲ್ಲಿ ಮಾತ್ರ ನಂಬಬೇಡ’ ಅಂದಳು. ‘ಲೆನ್ಸಿನ ಮೇಲೆ ಹನಿ ಕೂತರೆ
ಹಿಂದಿನ ಲಾರಿಯ ದೀಪ
ಒಡೆದ ಮೊಟ್ಟೆಯ ಹಾಗೆ ಹರಡಿಬಿಡುತ್ತದೆ.’

ಡಾರ್ಸಿ ಏನೂ ಅನ್ನಲಿಲ್ಲ.
ಉಣ್ಣೆ ಗೋದಾಮಿಗೆ ಲಾರಿ ಓಡಿಸಿದವನು, ಎಪ್ಪತ್ತಮೂರು,
ಕತ್ತಿನ ಮೂಳೆಗೆ ತಿರುಪು ಹಾಕಿ ಬಿಗಿದಿದ್ದಾರೆ;
ಯಾರಾದರೂ ಕರೆದರೆ ಇಡೀ ಮೈ ತಿರುಗಬೇಕು, ಬಾಗಿಲಿನಂತೆ.
ಸೀಟಿನಲ್ಲಿ ಕೂತು ಕಡ್ಡಿ ಒತ್ತಿದ, ಬಿಟ್ಟ, ಮತ್ತೆ ಒತ್ತಿದ.
ಬೆಲೆ ಎಷ್ಟು ಅಂತ ಕೇಳಿ ಹೋದ.

ಬುಧವಾರ, ಮೆಲ್ಬರ್ನ್ ರೋಡು.
ಟಿಲ್ಲಿಗೆ ಹದಿನೇಳು, ಪರದೆ ಅವಳ ಮಾತೃಭಾಷೆ.
ಎಡಕ್ಕೆ ಹಾಕಿದಳು, ಬಿಲ್ಲೆ ನೋಡಿದಳು, ಚೀರಿದಳು.
ಕನ್ನಡಿಯ ಸಂದಿಯಲ್ಲಿ ಮನೆ ಮಾಡಿದ ಜೇಡ
ರಾತ್ರಿಯೆಲ್ಲ ಲೆನ್ಸಿಗೆ ಬಲೆ ಹೆಣೆದು
ನಡುವೆ ತಾನೇ ಕೂತಿತ್ತು, ಬಸ್ಸಿನಷ್ಟು,
ಎಂಟು ಕಾಲಲ್ಲಿ ರಸ್ತೆಯನ್ನೆಲ್ಲ ತಬ್ಬಿ.
ನಾನು ನಕ್ಕೆ. ನಗುತ್ತಲೇ, ಹಳೆಯ ಚಾಳಿ,
ಕತ್ತು ಹೊರಳಿತು.
ಜೇಡದ ಹೊಟ್ಟೆಯ ಮರೆಯಲ್ಲಿ ಸೈಕಲ್ಲಿನವನೊಬ್ಬ
ಹ್ಯಾಂಡಲ್ಲಿಗೆ ಬ್ರೆಡ್ಡಿನ ಚೀಲ ನೇತುಹಾಕಿಕೊಂಡು
ಶಿಳ್ಳೆ ಹೊಡೆಯುತ್ತ.
ನನ್ನ ಕಡೆಯ ಬ್ರೇಕು ನೆಲ ಮುಟ್ಟಿತು.
ಅವನು ಕೈ ಎತ್ತಿದ, ವಂದನೆಯೋ ಬೈಗುಳವೋ,
ಹೋದ.

ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಿದ್ದಳು ನಮ್ಮ ದೊಡ್ಡಮ್ಮ;
ಕೋರ್ಟು ಕಚೇರಿಯ ಮಾತೆಂದುಕೊಂಡಿದ್ದೆ.
ಜೇಡವನ್ನು ಕೊಲ್ಲಲು ಟಿಲ್ಲಿ ಬಿಡಲಿಲ್ಲ,
ಕಾಫಿ ಲೋಟದಲ್ಲಿ ಹಿಡಿದು ಬೇಲಿಗೆ ದಾಟಿಸಿದಳು.
ಮರುದಿನ ಅದೇ ಸಂದಿಯಲ್ಲಿ ಇನ್ನೊಂದು.

ಪರೀಕ್ಷೆಯ ದಿನ ಸಾಹೇಬರು ಪರದೆ ನೋಡುವುದಿಲ್ಲ,
ಗದ್ದ ನೋಡುತ್ತಾರೆ. ಭುಜದ ತನಕ ಹೋಯಿತೆ?
ಹೋಯಿತು. ಟಿಲ್ಲಿ ಪಾಸು.

ನಿನ್ನೆ ಸಂಜೆ ಕೊಲ್ಲಿಯ ದಂಡೆಯಲ್ಲಿ
ಡಾರ್ಸಿಯ ಹೊಸ ಕಾರು, ಬಲದ ದೀಪ ಮಿನುಗುತ್ತಿದೆ.
ಹೊರಡುತ್ತಾನೆ ಅಂತ ಜಾಗಕ್ಕಾಗಿ ಹಿಂದೆ ಕಾದೆ.
ಐದು ನಿಮಿಷ. ಹತ್ತು.
ಇಳಿದು ಹೋಗಿ ಕಿಟಕಿ ತಟ್ಟಿದೆ.
ಅವನು ಮಾತಾಡದೆ ಬೆರಳಿನಿಂದ ಬಿಲ್ಲೆ ತೋರಿಸಿದ:
ಒಂಬತ್ತು ವರ್ಷ ಅವನು ತಿರುಗಲಾಗದ ಕಡೆ
ಕಂಬದ ಮೇಲೊಂದು ಪೆಲಿಕನ್, ಗಾಳ ಹಾಕಿದ ಹುಡುಗ,
ಅಂಗೈಯಷ್ಟು ಸಮುದ್ರ.

ಟಿಕ್ ಟಿಕ್ ಅನ್ನುತ್ತಲೇ ಇತ್ತು, ಎಲ್ಲಿಗೂ ತಿರುಗದ ಕಾರು.
ನನ್ನ ಕಾರಿನ ಹಿಂದೆ ಯಾರೋ ಹಾರನ್ ಒತ್ತಿದರು.
ನಾನು ಕತ್ತು ಹೊರಳಿಸಿದೆ.
ಅವನು ಬಿಲ್ಲೆ ನೋಡಿ, ‘ಕೆಂಪು ವ್ಯಾನು’ ಅಂದ.